ಹಾಡು ಹಂಚಿದ ಕೈಗಳು, ಬರೆದಿಟ್ಟ ವಹಿಗಳು

ಹತ್ತು ಹದಿನೈದು ವರ್ಷಗಳ ಹಿಂದೆ ಮೂಡಲಗಿ, ಗೋಕಾಕ, ಹುಕ್ಕೇರಿಯ ಬಸ್ ನಿಲ್ದಾಣಗಳ ಸುತ್ತ ಓಡಾಡಿದವರಿಗೆ ಆ ಅಂಗಡಿಗಳ ನೆನಪು ಇದ್ದೇ ಇರುತ್ತದೆ. ಮುಂದೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೊಬೈಲ್ ಕವರು, ಚಾರ್ಜರು, ಬ್ಯಾಟರಿ. ಹಿಂದೆ ದಪ್ಪ ಹೊಟ್ಟೆಯ ಮಾನಿಟರು, ಅದಕ್ಕೆ ಒರಗಿದಂತೆ ಒಂದು ಕಾರ್ಡ್ ರೀಡರು. ಸಂತೆಗೆ ಬಂದ ಹುಡುಗ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿ ಎತ್ತಿ, ಉಗುರಿನಷ್ಟೇ ಇರುವ ಮೆಮೊರಿ ಕಾರ್ಡನ್ನು ಅಂಗಡಿಯವನ ಅಂಗೈಯಲ್ಲಿ ಇಡುತ್ತಿದ್ದ. ‘ಹೊಸಾವು ಹಾಕ್ರಿ, ರಾಜಕುಮಾರ್ದು ಹಳೇವೂ ಇರ್ಲಿ, ನಮ್ಮಪ್ಪಗ ನಾಕ ಭಜನಿಪದ ಹಾಕ್ರಿ’ ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಕಾರ್ಡು ತುಂಬಿರುತ್ತಿತ್ತು. ಹತ್ತಿಪ್ಪತ್ತು ರೂಪಾಯಿ ಕೈ ಬದಲಾಯಿಸುತ್ತಿತ್ತು.

ಆ ವ್ಯವಹಾರಕ್ಕೆ ರಸೀದಿ ಇರಲಿಲ್ಲ, ಹೆಸರು ಕೇಳುವವರಿರಲಿಲ್ಲ. ಹಾಡು ಬರೆದವರಿಗೂ ಹಾಡಿದವರಿಗೂ ಅದರಿಂದ ಒಂದು ಬಿಡಿಗಾಸೂ ಹೋಗುತ್ತಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಲ್ಲಿ ಅದು ಅಪರಾಧವೇ. ಆದರೆ ಯಾವ ಊರಿನ ಯಾವ ಹುಡುಗ ಯಾವ ಹಾಡು ಒಯ್ದ ಎಂಬುದು ಮಾತ್ರ ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಇಂದು ಅದೇ ಹುಡುಗ, ಅದೇ ಊರಲ್ಲಿ, ಹೊಲದ ಬದುವಿನ ಮೇಲೆ ಕೂತು ಏನನ್ನೇ ಇಳಿಸಿಕೊಂಡರೂ ಅವನ ಇಂಟರ್ನೆಟ್ ಕಂಪನಿಯ ವಹಿಯಲ್ಲಿ ಒಂದು ಸಾಲು ಬೀಳುತ್ತದೆ. ಎರಡು ವರ್ಷ ಅಲ್ಲಿಯೇ ಇರುತ್ತದೆ. ಈ ಸೀಮೆಯಲ್ಲಿ ಹಂಚಿಕೊಳ್ಳುವುದು ಬಹಳ ಹಳೆಯ ರೂಢಿ. ಹಂಚಿಕೊಂಡವರ ಲೆಕ್ಕ ಇಡುವುದು ಹೊಸದು. ಈ ಎರಡೂ ಹೇಗೆ ಒಂದೇ ತಂತಿಯ ಮೇಲೆ ಬಂದು ಕೂತವು ಎಂಬುದೇ ಇಲ್ಲಿನ ಕಥೆ.

ಹಳೆಯದರಿಂದಲೇ ಶುರು ಮಾಡಬೇಕು. ಹಿಂದಿನ ಗೋಕಾಕ ತಾಲೂಕಿನ ಕುಲಗೋಡ ಎಂಬ ಊರು ‘ಶ್ರೀಕೃಷ್ಣ ಪಾರಿಜಾತ’ದಿಂದ ಹೆಸರಾಯಿತು. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ ರಚಿಸಿದ ಆಟವನ್ನು ಕುಲಗೋಡ ತಮ್ಮಣ್ಣ ತಿದ್ದಿ, ತುಂಬಿ, ರಂಗಕ್ಕೆ ಒಗ್ಗಿಸಿದ. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದಳು. ಒಬ್ಬನ ಕೃತಿ ಇನ್ನೊಬ್ಬನ ಕೈಗೆ ಬಂದು ಬೆಳೆದದ್ದೇ ಪಾರಿಜಾತದ ಚರಿತ್ರೆ. ಮೇಳದವರು ಪದಗಳನ್ನು ವಹಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು, ಬಾಯಿಪಾಠ ಮಾಡುತ್ತಿದ್ದರು, ಮುಂದಿನ ತಲೆಮಾರಿಗೆ ದಾಟಿಸುತ್ತಿದ್ದರು. ಅದೇ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಅಂದರೆ ಆನಂದಕಂದರು, ಜನಪದರ ಹಾಡುಗಳನ್ನು ಕೂಡಿಹಾಕಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಕಾವ್ಯ, ನಾಟಕಗಳಿಗೆ ಈ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದ ಪದಗಳೇ ಬೇರು.

ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಜನರೇ ಸದಸ್ಯರಾಗಿ ಹಳ್ಳಿಗಳಿಗೆ ಕರೆಂಟು ಹಂಚಿದ, ಇಂದಿಗೂ ಹಂಚುತ್ತಿರುವ ಸಂಘ ಅದು. ಕರೆಂಟಿನ ಹಿಂದೆಯೇ ರೇಡಿಯೋ, ಟೇಪ್ ರೆಕಾರ್ಡರು ಬಂದವು. ಎಂಬತ್ತರ ದಶಕದಲ್ಲಿ ಎರಡು ಕ್ಯಾಸೆಟ್ ಹಾಕುವ ಯಂತ್ರ ಬಂದಾಗ, ನಕಲು ಮಾಡುವುದು ಒಂದು ಗುಂಡಿ ಒತ್ತುವಷ್ಟು ಸರಳವಾಯಿತು. ಖಾಲಿ ಕ್ಯಾಸೆಟ್ಟು ಒಯ್ದು, ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ತುಂಬಿಸಿಕೊಡುತ್ತಿದ್ದರು. ಸರಕಾರ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಯ ಶಿಕ್ಷೆ ಬಿಗಿ ಮಾಡಿತು. ಮರುವರ್ಷ ಕರ್ನಾಟಕದಲ್ಲಿ ‘ಗೂಂಡಾ ಕಾಯ್ದೆ’ ಎಂದು ಜನ ಕರೆಯುವ ತಡೆಬಂಧನ ಕಾನೂನು ಬಂತು. ಆದರೂ ಪಟ್ಟಿ ಬರೆದ ಆ ಚೀಟಿ ಸಂಜೆಗೆ ಕಸದ ಬುಟ್ಟಿ ಸೇರುತ್ತಿತ್ತು.

ಇನ್ನು ವಹಿಯ ಕಡೆ. ಅದರ ಮೊದಲ ಪುಟ ತಂತಿಯಲ್ಲಿದೆ.

1885 ಈ ಸೀಮೆಗೆ ಎರಡು ಕಾರಣಕ್ಕೆ ನೆನಪಿರಬೇಕಾದ ವರ್ಷ. ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯಲು ಗೋಕಾಕ ಜಲಪಾತದ ಗಿರಣಿ ಕಂಪನಿ ಹುಟ್ಟಿದ್ದು ಆ ವರ್ಷ. ಭಾರತೀಯ ತಂತಿ ಕಾಯ್ದೆ ಜಾರಿಯಾದದ್ದೂ ಆ ವರ್ಷವೇ. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಯಾವ ಸಂದೇಶವನ್ನಾದರೂ ತಡೆಯುವ, ನೋಡುವ ಅಧಿಕಾರವನ್ನು ಅದರ 5ನೇ ಕಲಮು ಸರಕಾರಕ್ಕೆ ಕೊಟ್ಟಿತು. ಬ್ರಿಟಿಷರು ಹೋದರು, ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರಿತು, ತಂತಿಯ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ಆ ಕಲಮು ಉಳಿಯಿತು. 2023ರ ದೂರಸಂಪರ್ಕ ಕಾಯ್ದೆಯ ಸಂಬಂಧಿತ ಭಾಗಗಳು 2024ರ ಜೂನ್‌ನಲ್ಲಿ ಜಾರಿಗೆ ಬಂದಾಗಲೂ ಅಧಿಕಾರದ ತಿರುಳು ಹಾಗೆಯೇ ಮುಂದುವರಿಯಿತು.

ಹಳ್ಳಿಯವರಿಗೆ ಆಗ ಗುಟ್ಟು ಎಂಬುದರ ಅರ್ಥವೇ ಬೇರೆ ಇತ್ತು. ಓದಲು ಬಾರದ ತಾಯಿಗೆ ಮಗನ ಪತ್ರವನ್ನು ಪೋಸ್ಟ್‌ಮನ್ನನೇ ಓದಿ ಹೇಳುತ್ತಿದ್ದ. ತಂತಿ ಬಂತೆಂದರೆ ಅದರಲ್ಲಿ ಏನಿದೆ ಎಂದು ಕೇಳುವ ಮೊದಲೇ ಓಣಿಯ ಹೆಂಗಸರು ಬಂದು ಕೂಡುತ್ತಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತವರ ಮಾತು ಎಕ್ಸ್‌ಚೇಂಜಿನ ಆಪರೇಟರನ ಕಿವಿಗೆ ಬೀಳಬಹುದಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕೇಳುವವನು ಮುಖ ಪರಿಚಯದವನಾಗಿದ್ದ, ಕೇಳಿದ್ದನ್ನು ಮರೆಯುವವನಾಗಿದ್ದ. ಅವನ ನಾಲಿಗೆಗೆ ಊರಿನ ಮುಲಾಜು ಇತ್ತು.

ಮರೆಯದ ಕಿವಿಯ ಬಗ್ಗೆ ಕರ್ನಾಟಕ ಗಂಭೀರವಾಗಿ ಮಾತಾಡಿದ್ದು 1988ರಲ್ಲಿ. ದೂರವಾಣಿ ಕದ್ದಾಲಿಕೆಯ ಆರೋಪ ಎದ್ದು, ಆ ವರ್ಷದ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಎಂಟು ವರ್ಷದ ಬಳಿಕ, 1996ರ ಡಿಸೆಂಬರ್ 18ರಂದು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಫೋನ್ ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶಕ್ಕೆ ಎರಡು ತಿಂಗಳು ಆಯುಷ್ಯ, ಎಷ್ಟು ಮುಂದುವರಿಸಿದರೂ ಆರು ತಿಂಗಳು ಮೀರಕೂಡದು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆ ತೀರ್ಪು ಬರೆಯುವ ಹೊತ್ತಿಗೆ ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ಟಿಗೆ ಒಂದು ವರ್ಷ ದಾಟಿ ನಾಲ್ಕು ತಿಂಗಳಾಗಿತ್ತು. ವಿದೇಶ್ ಸಂಚಾರ್ ನಿಗಮ 1995ರ ಆಗಸ್ಟ್ 15ರಂದು ಅದನ್ನು ತೆರೆದಿತ್ತು.

ತಾಲೂಕು ಊರುಗಳಿಗೆ ಇಂಟರ್ನೆಟ್ ಮೊದಲು ಬಂದದ್ದು ಸೈಬರ್ ಕೆಫೆಯ ರೂಪದಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು, ಸಿಇಟಿ ಅರ್ಜಿ ತುಂಬಲು, ಇಮೇಲ್ ತೆರೆಯಲು ಹುಡುಗರು ಅಲ್ಲಿಗೆ ಹೋದರು. ಹೋದವರು ಹಾಡನ್ನೂ ಇಳಿಸಿಕೊಂಡು ಬಂದರು. ಕೆಫೆಯ ಬಾಗಿಲಲ್ಲೇ ಒಂದು ರಟ್ಟಿನ ರಜಿಸ್ಟರು ಬಂತು. 2011ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಸೈಬರ್ ಕೆಫೆ ನಿಯಮಗಳನ್ನು ಓದಿದರೆ ಆ ರಜಿಸ್ಟರಿನ ಕಾಲಮುಗಳು ಕಣ್ಣಿಗೆ ಕಟ್ಟುತ್ತವೆ: ಹೆಸರು, ವಿಳಾಸ, ಗಂಡೋ ಹೆಣ್ಣೋ, ಫೋನ್ ನಂಬರು, ತೋರಿಸಿದ ಗುರುತಿನ ಚೀಟಿ, ತಾರೀಕು, ಯಾವ ಕಂಪ್ಯೂಟರು, ಕೂತ ವೇಳೆ, ಎದ್ದ ವೇಳೆ. ರಜಿಸ್ಟರನ್ನು ಕನಿಷ್ಠ ಒಂದು ವರ್ಷ ಇಡಬೇಕು. ಯಾವ್ಯಾವ ತಾಣ ತೆರೆದರು ಎಂಬುದರ ದಾಖಲೆಯನ್ನೂ ಒಂದು ವರ್ಷ ಇಡಬೇಕು. ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು. ಗೋಡೆಯಿಲ್ಲದ ಕಡೆ ಪರದೆಯ ಮುಖ ಹೊರಗಿರಬೇಕು.

ಇಂಥ ವಹಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಷ್ಟರೊಳಗೆ ಬೆಂಗಳೂರು ನೋಡಿಯಾಗಿತ್ತು. 2007ರ ಆಗಸ್ಟ್ ಕೊನೆಗೆ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಮನೆಯಿಂದ ಎಬ್ಬಿಸಿ ಒಯ್ದರು. ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪ. ಸಾಕ್ಷಿ ಒಂದೇ, ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕಕ್ಕೆ ಕಂಪನಿ ಕೊಡುವ ನಂಬರು) ಮತ್ತು ಅದರ ಎದುರು ಇಂಟರ್ನೆಟ್ ಕಂಪನಿ ಬರೆದುಕೊಟ್ಟ ಹೆಸರು. ಆ ಐಪಿ ವಿಳಾಸ ಅವರದಾಗಿರಲೇ ಇಲ್ಲ. ಅದು ತಿಳಿದು ಹೊರಬರುವ ಹೊತ್ತಿಗೆ ಆ ಯುವಕ ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ಫೈಲ್ ಹಂಚಿಕೆಗೂ ಆ ಪ್ರಕರಣಕ್ಕೂ ನೇರ ಸಂಬಂಧವಿಲ್ಲ. ಆದರೆ ಫೈಲ್ ಹಂಚಿದವರನ್ನು ಹಿಡಿಯುವುದೂ ಇದೇ ದಾರಿಯಿಂದ: ಮೊದಲು ಒಂದು ನಂಬರು, ಆಮೇಲೆ ಕಂಪನಿಯ ವಹಿ, ಆಮೇಲೆ ಮನೆಯ ಬಾಗಿಲು.

ಆ ನಂಬರು ಬೇರೆಯವರಿಗೆ ಸಿಗುವುದು ಹೇಗೆ? ಅದಕ್ಕೆ ಫೈಲ್ ಹಂಚುವ ಟೊರೆಂಟ್ ಎಂಬ ಪದ್ಧತಿ ಕೆಲಸ ಮಾಡುವ ರೀತಿ ತಿಳಿಯಬೇಕು. 1999ರಲ್ಲಿ ನ್ಯಾಪ್‌ಸ್ಟರ್ ಬಂದಾಗ ಯಾರ ಹತ್ತಿರ ಯಾವ ಹಾಡಿದೆ ಎಂಬ ಪಟ್ಟಿ ಒಂದೇ ಕಡೆ ಇತ್ತು. ಕೋರ್ಟು ಆ ಪಟ್ಟಿಯನ್ನು ಮುಚ್ಚಿಸಿದಾಗ ಎಲ್ಲವೂ ಮುಚ್ಚಿತು. 2001ರಲ್ಲಿ ಬ್ರಾಮ್ ಕೋಹೆನ್ ಬರೆದ ಬಿಟ್‌ಟೊರೆಂಟ್ ಬೇರೆ ಹಾದಿ ಹಿಡಿಯಿತು. ಮೂಡಲಗಿಯ ರೈತನಿಗೆ ಅದನ್ನು ವಿವರಿಸುವುದು ಕಷ್ಟವಲ್ಲ: ಅದು ಮುಯ್ಯಾಳಿನ ಪದ್ಧತಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಒಂದು ಸಿನಿಮಾ ಸಾವಿರಾರು ಚೂರಾಗಿರುತ್ತದೆ. ಒಂದು ಚೂರು ಸಿಕ್ಕ ಕೂಡಲೇ ಅದನ್ನು ಪಡೆದವನು ಇನ್ನೊಬ್ಬನಿಗೆ ಕೊಡತೊಡಗುತ್ತಾನೆ. ತೆಗೆದುಕೊಳ್ಳುವವನೇ ಕೊಡುವವನೂ ಹೌದು.

ಮುಯ್ಯಾಳಿಗೆ ಬಂದವರ ಮುಖ ಹೊಲದಲ್ಲಿರುವ ಎಲ್ಲರಿಗೂ ಕಾಣುತ್ತದೆ. ಟೊರೆಂಟಿನ ಗುಂಪಿನಲ್ಲಿಯೂ ಹಾಗೆಯೇ, ಪ್ರತಿಯೊಬ್ಬನ ಐಪಿ ವಿಳಾಸ ಉಳಿದವರಿಗೆ ಬಯಲಾಗಿರುತ್ತದೆ. ಸಿನಿಮಾ ಕಂಪನಿ ನೇಮಿಸಿದ ಸಂಸ್ಥೆಯೂ ಒಬ್ಬ ಆಳಿನಂತೆ ಗುಂಪಿಗೆ ಸೇರಿ, ಯಾವ ನಂಬರು ಯಾವ ಸೆಕೆಂಡಿಗೆ ಏನು ಕೊಟ್ಟಿತು ಎಂದು ಗುರುತು ಹಾಕಿಕೊಳ್ಳಬಹುದು. ಇಂಟರ್ನೆಟ್ ಕಂಪನಿಯ ವಹಿಯಲ್ಲಿ ಇರುವುದು ಇನ್ನೊಂದು ಅರ್ಧ: ಗಿರಾಕಿ ಯಾರು, ಆ ಹೊತ್ತಿಗೆ ಅವನಿಗೆ ಕೊಟ್ಟ ನಂಬರು ಯಾವುದು, ಅವನು ಯಾವ ನಂಬರಿನೊಡನೆ ಎಷ್ಟು ಹೊತ್ತು ಮಾತಾಡಿದ, ಎಷ್ಟು ಡೇಟಾ ಹೋಯಿತು ಬಂತು. ಸಿನಿಮಾದ ಹೆಸರು ಕಂಪನಿಯ ವಹಿಯಲ್ಲಿಲ್ಲ, ಮನುಷ್ಯನ ಹೆಸರು ಸಂಸ್ಥೆಯ ವಹಿಯಲ್ಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸಾಲು ಪೂರ್ತಿಯಾಗುತ್ತದೆ.

ಜರ್ಮನಿಯಲ್ಲಿ ಇದು ವಕೀಲರ ನಿತ್ಯದ ಉದ್ಯೋಗವೇ ಆಗಿದೆ. ಟೊರೆಂಟ್ ಬಳಸಿದ ಮನೆಗೆ ನೂರಾರು ಯೂರೋ ಕೇಳುವ ಪತ್ರ ಬರುತ್ತದೆ. ಓದಲು ಹೋದ ಭಾರತದ ಎಷ್ಟೋ ವಿದ್ಯಾರ್ಥಿಗಳು ಊರಿನ ರೂಢಿಯನ್ನೇ ಅಲ್ಲಿಯೂ ನಡೆಸಿ ಈ ಪತ್ರ ಕೈಗೆ ಬಂದಾಗ ನಡುಗಿದ್ದಾರೆ. ಫ್ರಾನ್ಸ್ 2009ರಲ್ಲಿ ಮೂರು ಎಚ್ಚರಿಕೆಯ ಕಾನೂನು ಮಾಡಿತು. ಭಾರತ ಹಿಡಿದದ್ದು ಬೇರೆ ದಾರಿ, ಬಾಗಿಲು ಮುಚ್ಚುವ ದಾರಿ. 2012ರಲ್ಲಿ ಧನುಷ್ ನಟನೆಯ ‘3’ ಚಿತ್ರಕ್ಕಾಗಿ ಮದ್ರಾಸ್ ಹೈಕೋರ್ಟಿನಿಂದ ಅನಾಮಧೇಯರ ವಿರುದ್ಧ ತಂದ ಆದೇಶ ಹಿಡಿದು, ಇಂಟರ್ನೆಟ್ ಕಂಪನಿಗಳು ಪೈರೇಟ್ ಬೇ ಜೊತೆಗೆ ವಿಮಿಯೋದಂಥ ತಾಣಗಳನ್ನೂ ಇಡಿಯಾಗಿ ಮುಚ್ಚಿದವು. ಜೂನ್‌ನಲ್ಲಿ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಯುವಕರು ಮುಖವಾಡ ಹಾಕಿ ಬೀದಿಗಿಳಿದರು. ಬಳಿಕ ಅದೇ ಕೋರ್ಟು, ಕದ್ದ ಪ್ರತಿ ಇರುವ ಪುಟಗಳನ್ನು ಮಾತ್ರ ಮುಚ್ಚಬೇಕೆಂದು ಸ್ಪಷ್ಟಪಡಿಸಿತು.

2014ರಲ್ಲಿ ಕರ್ನಾಟಕ ತನ್ನ ಗೂಂಡಾ ಕಾಯ್ದೆಯನ್ನು ಹಿಗ್ಗಿಸಿತು. ಆಸಿಡ್ ದಾಳಿಕೋರರು, ಭೂಗಳ್ಳರ ಸಾಲಿನಲ್ಲಿ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ಹೆಸರೂ ಸೇರಿತು. ವಿಚಾರಣೆಗೆ ಮುಂಚೆಯೇ ಒಂದು ವರ್ಷದ ತನಕ ಬಂಧನದಲ್ಲಿಡಲು ಅವಕಾಶವಿರುವ ಕಾನೂನಿದು. ಸಿನಿಮಾ ಕದಿಯುವ ಜಾಲಗಳಿಂದ ನಿರ್ಮಾಪಕರು ಪಡುವ ಸಂಕಟ ನಿಜ. 2019ರ ಸೆಪ್ಟೆಂಬರ್‌ನಲ್ಲಿ ‘ಪೈಲ್ವಾನ್’ ತೆರೆಕಂಡ ಬೆನ್ನಿಗೇ ಇಂಟರ್ನೆಟ್ಟಿಗೆ ಸೋರಿದಾಗ ಆ ಸಂಕಟವನ್ನು ಇಡೀ ನಾಡು ಕಂಡಿತು. ಫೇಸ್‌ಬುಕ್ಕಿನಲ್ಲಿ ಕೊಂಡಿ ಹಂಚಿದ ಆರೋಪದ ಮೇಲೆ ನೆಲಮಂಗಲ ಕಡೆಯ ಒಬ್ಬ ಯುವಕನ ಬಂಧನವೂ ಆಯಿತು. ಆದರೆ ಜಾಲ ನಡೆಸಿ ಹಣ ಮಾಡುವವನನ್ನೂ, ಗೆಳೆಯನಿಗೆ ಕೊಂಡಿ ಕಳಿಸುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ನ್ಯಾಯದ ಮುಳ್ಳು ವಾಲುತ್ತದೆ.

2016ರ ಆಗಸ್ಟ್‌ನಲ್ಲಿ ದೇಶದ ಲಕ್ಷಾಂತರ ಪರದೆಗಳ ಮೇಲೆ ಒಂದು ನೋಟೀಸು ಮೂಡಿತು. ಮುಚ್ಚಿದ ಕೊಂಡಿಯನ್ನು ಒತ್ತಿದವರಿಗೆ, ಕದ್ದ ಪ್ರತಿಯನ್ನು ನೋಡುವುದೂ ಅಪರಾಧ, 3 ವರ್ಷ ಜೈಲು, 3 ಲಕ್ಷ ರೂಪಾಯಿ ದಂಡ ಎಂದು ಅದು ಹೇಳುತ್ತಿತ್ತು. ಹಾಸ್ಟೆಲುಗಳಲ್ಲಿ, ಮನೆಗಳಲ್ಲಿ ಹೆದರಿಕೆ ಹಬ್ಬಿತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಆ ಮಾತನ್ನು ತಿದ್ದಿದರು: ಬರೀ ನೋಡುವುದು ಅಪರಾಧವಲ್ಲ, ಹಂಚುವುದು, ಪ್ರದರ್ಶಿಸುವುದು, ಮಾರುವುದು ಅಪರಾಧ. ಅದಕ್ಕೂ ಹಿಂದಿನ ತಿಂಗಳು, ಆಗಿನ ಅತಿ ದೊಡ್ಡ ಟೊರೆಂಟ್ ತಾಣವಾಗಿದ್ದ ಕಿಕ್‌ಆ್ಯಸ್ ಟೊರೆಂಟ್ಸ್ ನಡೆಸುತ್ತಿದ್ದನೆಂಬ ಆರೋಪದ ಮೇಲೆ ಆರ್ತೆಮ್ ವಾಲಿನ್ ಪೋಲೆಂಡಿನಲ್ಲಿ ಸೆರೆಯಾಗಿದ್ದ. ಅವನ ಸುಳಿವು ಸಿಕ್ಕದ್ದೂ ವಹಿಯಿಂದಲೇ. ಐಟ್ಯೂನ್ಸ್‌ನಲ್ಲಿ ದುಡ್ಡು ಕೊಟ್ಟು ಖರೀದಿ ಮಾಡಿದ ಐಪಿ ವಿಳಾಸದಿಂದಲೇ ತಾಣದ ಫೇಸ್‌ಬುಕ್ ಪುಟವನ್ನೂ ತೆರೆದಿದ್ದನೆಂದು ದಾಖಲೆಗಳು ಹೇಳಿದವು.

ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಬಂತು. ಒಂದೆರಡು ವರ್ಷದಲ್ಲಿ ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಗಳು ರಿಚಾರ್ಜ್, ಆಧಾರ್ ಪ್ರಿಂಟಿನ ಅಂಗಡಿಗಳಾದವು. ಹಾಡು ಈಗ ನೇರ ಫೋನಿಗೆ ಬಂತು, ಜೊತೆಗೆ ವಹಿಯೂ. ಮೊಬೈಲ್ ಜಾಲದಲ್ಲಿ ಒಂದು ತೊಡಕಿದೆ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಹೀಗಾಗಿ ಕಂಪನಿಗಳು ಒಂದೇ ನಂಬರನ್ನು ಒಂದೇ ಹೊತ್ತಿಗೆ ಬಹಳ ಮಂದಿಗೆ ಹಂಚುತ್ತವೆ. ಯಾರು ಯಾರೆಂದು ತಿಳಿಯಲು ನಂಬರಿನ ಜೊತೆ ಪೋರ್ಟ್ ಸಂಖ್ಯೆ ಮತ್ತು ಸೆಕೆಂಡಿನ ಲೆಕ್ಕದ ವೇಳೆ ಎರಡೂ ಬೇಕು. ಗಡಿಯಾರ ತುಸು ಆಚೀಚೆಯಾದರೆ ಮೂಡಲಗಿಯವನ ಜಾಗದಲ್ಲಿ ಮುದ್ದೇಬಿಹಾಳದವನ ಹೆಸರು ಬಂದು ಕೂರಬಹುದು. 2007ರ ಬೆಂಗಳೂರಿನ ಆ ಯುವಕನನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಇಂಟರ್ನೆಟ್ಟಿಲ್ಲದೆ ಫೋನಿನಿಂದ ಫೋನಿಗೆ ಫೈಲ್ ದಾಟಿಸುತ್ತಿದ್ದ ಶೇರ್‌ಇಟ್, ಜೆಂಡರ್ ಆ್ಯಪ್‌ಗಳು 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ ನಿಷೇಧವಾದ 59 ಆ್ಯಪ್‌ಗಳ ಪಟ್ಟಿಯಲ್ಲಿದ್ದವು. ಬಳಕೆದಾರರ ಮಾಹಿತಿ ದೇಶದ ಹೊರಗೆ ಹೋಗುತ್ತದೆ ಎಂಬುದು ಸರಕಾರ ಕೊಟ್ಟ ಕಾರಣ. ಮರುವರ್ಷ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತು ತಿದ್ದಿ, ಒಂದು ವರ್ಷ ಇಡುತ್ತಿದ್ದ ಕರೆ ಮತ್ತು ಇಂಟರ್ನೆಟ್ ದಾಖಲೆಗಳನ್ನು ಎರಡು ವರ್ಷ ಇಡಬೇಕೆಂದಿತು. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳೂ ಗಿರಾಕಿಗಳ ಹೆಸರು, ವಿಳಾಸ, ಐಪಿ ನಂಬರುಗಳನ್ನು ಐದು ವರ್ಷ ಇಡಬೇಕೆಂದು ಆದೇಶಿಸಿತು. ಗಿರಾಕಿಯ ಜಾಡು ಇಂಟರ್ನೆಟ್ ಕಂಪನಿಗೆ ಕಾಣದಂತೆ ಮುಚ್ಚುವುದೇ ವಿಪಿಎನ್‌ನ ಕೆಲಸ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ಕಿತ್ತುಕೊಂಡು ಹೋದವು.

ಈ ವಹಿಗೆ ಕಳ್ಳನೂ ಓದುಗನೂ ಒಂದೇ. ಇಂಟರ್ನೆಟ್ ಆರ್ಕೈವ್ ತನ್ನಲ್ಲಿರುವ ಪುಸ್ತಕಗಳನ್ನು 2012ರಿಂದ ಟೊರೆಂಟ್ ಮೂಲಕವೂ ಕೊಡುತ್ತಿದೆ, ಅವುಗಳಲ್ಲಿ ಕನ್ನಡದ ಹಳೆಯ ಪುಸ್ತಕಗಳು ಸಾವಿರಗಟ್ಟಲೆ. ಕೃತಿಸ್ವಾಮ್ಯ ಮುಗಿದ ಪುಸ್ತಕವೊಂದನ್ನು ಹೀಗೆ ಇಳಿಸಿಕೊಳ್ಳುವ ಹುಕ್ಕೇರಿಯ ವಿದ್ಯಾರ್ಥಿಯ ಸಾಲು, ಕದ್ದ ಸಿನಿಮಾ ಇಳಿಸುವವನ ಸಾಲಿನ ಥರವೇ ಕಾಣುತ್ತದೆ. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1982ರಲ್ಲಿ ತೀರಿಕೊಂಡ ಆನಂದಕಂದರ ಕವಿತೆಗಳು ಅವರದೇ ಬೆಟಗೇರಿಯ ಮಕ್ಕಳಿಗೆ ಮುಕ್ತವಾಗುವುದು 2043ರಲ್ಲಿ.

ಗುಟ್ಟು ಎಂಬುದು ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ಉತ್ತರ ತಂದವರು ಕನ್ನಡ ನಾಡಿನ ಹಿರಿಯರೊಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಸರಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಹಾಕಿದ ಕೈ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತೀರಿಕೊಂಡರು. ಆ ಅಳತೆಗೋಲನ್ನು ಎರಡು ವರ್ಷದ ವಹಿಗೆ ಹಿಡಿದು ನೋಡಬೇಕು. ಯಾವ ಅನುಮಾನವೂ ಇಲ್ಲದ ಮನುಷ್ಯನ ಪ್ರತಿ ರಾತ್ರಿಯ ಲೆಕ್ಕವನ್ನು ಮುಂಗಡವಾಗಿ ಬರೆದಿಡುವುದು ಅಗತ್ಯಕ್ಕೆ ತಕ್ಕಷ್ಟು ಹೇಗಾದೀತು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹಕ್ಕುಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಸೈಬರ್ ಕೆಫೆಯ ರಜಿಸ್ಟರು ಮೇಜಿನ ಮೇಲೆಯೇ ಬಿದ್ದಿರುತ್ತಿತ್ತು. ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ಗಿರಾಕಿ ಬಗ್ಗಿ ಓದಬಹುದಿತ್ತು. 2027ರ ನಡುವಿಗೆ ಮೂಡಲಗಿಯ ಗಿರಾಕಿಯೂ ತನ್ನ ಇಂಟರ್ನೆಟ್ ಕಂಪನಿಗೆ ಅರ್ಜಿ ಹಾಕಿ, ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಬಹುದು. ಅಪರಾಧದ ತನಿಖೆಗೆಂದು ಕಾನೂನಿನಂತೆ ಅಧಿಕಾರಿಗಳು ಬರೆದು ಕೇಳಿ ಒಯ್ದಿದ್ದರೆ, ಅದನ್ನು ಮಾತ್ರ ಕಂಪನಿ ಅವನಿಗೆ ಹೇಳಬೇಕಿಲ್ಲ.